ಕಾಲುಗ್ರಾಂ ಸಾಹೇಬರು ಕೊಂಡ ಕಾಫಿ ಮೇಕರ್

ಮಾರುಕಟ್ಟೆ ರಸ್ತೆಯ ಅಂಗಡಿಗಳಲ್ಲಿ ಅವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಎಲ್ಲರ ಬಾಯಲ್ಲೂ ಅವರು ಕಾಲುಗ್ರಾಂ ಸಾಹೇಬರು. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಒಮ್ಮೆ ಒಂದು ಚಿನ್ನದ ಅಂಗಡಿಯ ತಕ್ಕಡಿ ಕಾಲು ಗ್ರಾಂ ಹೆಚ್ಚು ತೋರಿಸುತ್ತಿದೆಯೆಂದು, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಅದಕ್ಕೆ ಮೊಹರು ಹಾಕಿ ಎತ್ತಿಸಿದ್ದರು. ಅವತ್ತು ಅಂಟಿಕೊಂಡ ಹೆಸರು ನಿವೃತ್ತರಾಗಿ ನಾಲ್ಕು ವರ್ಷವಾದರೂ ಬಿಟ್ಟಿಲ್ಲ.

ನೌಕರಿಯಲ್ಲಿ ಇದ್ದಷ್ಟು ದಿನ ಅವರು ಯಾವ ಅಂಗಡಿಯಲ್ಲೂ ಒಂದು ಲೋಟ ನೀರು ಕುಡಿಯಲಿಲ್ಲ. ಬಾಟಲಿ ಚೀಲದಲ್ಲೇ ಇರುತ್ತಿತ್ತು. ಪರೀಕ್ಷೆಯ ಕ್ರಮವೂ ಎಂದೂ ಬದಲಾಗಲಿಲ್ಲ. ಮೊದಲು ಖಾಲಿ ಪಾತ್ರೆ ತೂಗಬೇಕು, ಆಮೇಲೆ ಸಾಮಾನು ಸಮೇತ ತೂಗಬೇಕು, ಪಾತ್ರೆಯ ತೂಕ ಕಳೆಯಬೇಕು. ಉಳಿದದ್ದು ಗಿರಾಕಿಯದು. ಸಿಹಿಯ ಜೊತೆ ರಟ್ಟಿನ ಪೆಟ್ಟಿಗೆಯನ್ನೂ ಎಣ್ಣೆಯ ಜೊತೆ ಡಬ್ಬವನ್ನೂ ತೂಗಿ ಮಾರುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರ ಅರ್ಧ ನೌಕರಿ ಪೆಟ್ಟಿಗೆ, ಡಬ್ಬಗಳ ತೂಕ ಕಳೆಯುವುದರಲ್ಲೇ ಸವೆಯಿತು.

ಅವರು ಮದುವೆಯಾಗಲಿಲ್ಲ. ಕಾರಣ ಕೇಳಿದವರಿಗೆ ಅವರ ಅಕ್ಕ, ‘ತೂಕಕ್ಕೆ ಸರಿಯಾದ ಹುಡುಗಿ ಸಿಗಲಿಲ್ಲ’ ಎಂದು ಹೇಳುತ್ತ ಬಂದಿದ್ದಾರೆ.

ಅಕ್ಕ ಇರುವುದು ಅದೇ ಕಟ್ಟಡದ ನೆಲಮಹಡಿಯ ಹಿಂಭಾಗದ ಎರಡು ಕೋಣೆಗಳಲ್ಲಿ. ಸಾಹೇಬರು ಎರಡನೇ ಮಹಡಿಯಲ್ಲಿ. ಅಕ್ಕನ ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿದೆ. ಒಂದು ಕೋಣೆಯಲ್ಲಿ ಮಂಚ ಮತ್ತು ಒಲೆ, ಇನ್ನೊಂದರಲ್ಲಿ ಮೋಟಾರಿನ ಹೊಲಿಗೆ ಯಂತ್ರ ಮತ್ತು ಬಾಗಿಲಿನಷ್ಟು ಅಗಲದ ಒಂದು ಮೇಜು. ಕಿಟಕಿ ಪರದೆ, ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಏಪ್ರನ್ನು, ಹೀಗೆ ನೇರ ಹೊಲಿಗೆಯ ಕೆಲಸ ಏನಿದ್ದರೂ ಅಲ್ಲಿಗೆ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು, ಪುಟ್ಟ ಪಾತ್ರೆಯಲ್ಲಿ ನೀರು ಕುದಿಸಿ, ಬಟ್ಟೆಯಲ್ಲಿ ಕಾಫಿ ಸೋಸಿಕೊಂಡು, ಯಾರ ಮುಖವನ್ನೂ ನೋಡದೆ ಮೊದಲ ಕಪ್ ಕುಡಿಯುತ್ತಾರೆ. ಎರಡನೆಯದು ಬಟ್ಟೆ ಗುರುತು ಮಾಡುವಾಗ, ಮೂರನೆಯದು ಕತ್ತರಿಸುವಾಗ. ಎಂಟು ಗಂಟೆಗೆ ಮೊದಲು ಅವರನ್ನು ಮಾತಾಡಿಸುವ ಧೈರ್ಯ ಆ ಕಟ್ಟಡದಲ್ಲಿ ಯಾರಿಗೂ ಇಲ್ಲ, ತಮ್ಮನಿಗೂ ಇಲ್ಲ.

ಪರದೆ ಬಟ್ಟೆಯ ಸುರುಳಿ ಹೊತ್ತು ಬಟ್ಟೆ ಅಂಗಡಿಯ ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದು ಅವರ ಬಲ ಮಣಿಕಟ್ಟು ಮುರಿಯಿತು. ಆರು ವಾರದ ಮೇಲೆ ಪ್ಲಾಸ್ಟರ್ ತೆಗೆದರು. ಹೊಲಿಗೆಗೆ ಹೆಚ್ಚು ತೊಂದರೆಯಾಗಲಿಲ್ಲ. ಬಟ್ಟೆಯನ್ನು ಮೋಟಾರೇ ಎಳೆದುಕೊಳ್ಳುತ್ತದೆ, ದರ್ಜಿ ಕತ್ತರಿಯನ್ನು ಯಾರೂ ಎತ್ತಿ ಹಿಡಿಯುವುದಿಲ್ಲ, ಅದು ಮೇಜಿನ ಮೇಲೇ ಜಾರುತ್ತ ಹೋಗುತ್ತದೆ. ಎಡಗೈ ಹುಟ್ಟಿನಿಂದಲೇ ಅಷ್ಟು ಬಲವಿಲ್ಲದ್ದು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಒಂದೇ ಕಟ್ಟುಪಾಡು ಹಾಕಿದ್ದಳು: ಬಲಗೈಯಲ್ಲಿ ಒಂದು ಕಿಲೋಗಿಂತ ಹೆಚ್ಚು ಎತ್ತಬಾರದು, ಆರು ತಿಂಗಳಂತೂ ಬೇಡವೇ ಬೇಡ, ಆಮೇಲೂ ನೋಡಿಕೊಂಡು.

ಅದಾಗಿ ಹತ್ತು ದಿನಕ್ಕೆ ಕುದಿಯುವ ನೀರಿನ ಪಾತ್ರೆ ಕೈಯಿಂದ ಜಾರಿ ಪಾದದ ಮೇಲೆ ಬಿತ್ತು. ಸುಟ್ಟದ್ದು ಅಂಗೈ ಅಗಲದಷ್ಟು. ಸುದ್ದಿ ಮಗಳಿಗೆ ಮುಟ್ಟಿತು.

ಮಗಳು ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಬಡಾವಣೆಯಲ್ಲಿ ಮನೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ತನ್ನ ಮನೆಯ ಖಾಲಿ ಕೋಣೆಗೆ ಮಂಚ ತರಿಸಿದ್ದೇನೆ ಎಂದು ತಿಳಿಸಿ, ಆ ಕೋಣೆಯ ಕಿಟಕಿಗೆಂದು ಕೊಂಡಿದ್ದ ತಿಳಿ ಬೂದುಬಣ್ಣದ ಬಟ್ಟೆಯನ್ನು ಅಮ್ಮನ ಮೇಜಿನ ಮೇಲೆ ಇಟ್ಟಳು. ನಿನ್ನ ಕೋಣೆಯ ಪರದೆ ನೀನೇ ಹೊಲಿದುಕೋ ಎನ್ನುವುದು ಅದರ ಅರ್ಥ. ಅಕ್ಕ ಬಟ್ಟೆಯ ಮಡಿಕೆ ಬಿಚ್ಚಲಿಲ್ಲ.

ಮಾತು ಬೆಳೆಯಿತು. ಇಬ್ಬರೂ ಹಟದಲ್ಲಿ ಒಂದೇ ಅಚ್ಚಿನವರು. ಕೊನೆಗೆ ಮಗಳು ಒಂದು ಷರತ್ತಿಗೆ ಇಳಿದಳು. ತಿಂಗಳ ಕೊನೆಯ ಭಾನುವಾರ ಬರುತ್ತೇನೆ. ಅವತ್ತು ಕುದಿಯುವ ನೀರು ಮುಟ್ಟದೆ, ಯಾರನ್ನೂ ಕರೆಯದೆ, ನಿನ್ನ ಕಾಫಿ ನೀನು ಮಾಡಿಕೊಂಡು ತೋರಿಸಿದರೆ ಇಲ್ಲೇ ಇರು. ಆಗದಿದ್ದರೆ ಹಟ ಬಿಟ್ಟು ಹೊರಡು.

ಎರಡನೇ ಮಹಡಿಯಿಂದ ದಿನಾ ತಾನೇ ಕಾಫಿ ತಂದುಕೊಡುವುದಾಗಿ ತಮ್ಮ ಹೇಳಿ ನೋಡಿದರು.

‘ನಿನ್ನ ದಾರಿ ಕಾಯ್ತಾ ಕಾಫಿ ಕುಡಿಯೋದಾದ್ರೆ ಮಗಳ ಮನೆಗೇ ಹೋಗ್ತೀನಿ ಬಿಡೋ. ಅಲ್ಲಾದ್ರೆ ಲಿಫ್ಟಾದ್ರೂ ಇದೆ’ ಎಂದರು ಅಕ್ಕ.

ಹೀಗೆ ಕಾಫಿ ಮಾಡುವ ಯಂತ್ರ ಆರಿಸುವ ಕೆಲಸ ಕಾಲುಗ್ರಾಂ ಸಾಹೇಬರ ಪಾಲಿಗೆ ಬಂತು. ವಿದ್ಯುತ್ ಕೆಟಲ್ ಬೇಡವೆಂದು ಅವರು ಮೊದಲೇ ತೀರ್ಮಾನಿಸಿದರು; ನೀರು ಕುದಿದ ಮೇಲೆ ಅದನ್ನೂ ಎತ್ತಿ ಬಗ್ಗಿಸಲೇಬೇಕು. ಡ್ರಿಪ್ ಕಾಫಿ ಮೇಕರ್‌ನಲ್ಲಿ ತಣ್ಣೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪವಾಗಿ ಹಿಂದಿನ ತೊಟ್ಟಿಗೆ ಸುರಿದರಾಯಿತು. ಅದೇ ಕಾಯಿಸಿಕೊಳ್ಳುತ್ತದೆ, ಪೇಪರ್ ಫಿಲ್ಟರ್‌ನಲ್ಲಿರುವ ಪುಡಿಯ ಮೇಲೆ ಹನಿಸುತ್ತದೆ, ಕೆಳಗಿನ ಜಗ್ಗಿಗೆ ಇಳಿಸುತ್ತದೆ.

ಮಾರುಕಟ್ಟೆ ರಸ್ತೆಯ ಗೃಹೋಪಯೋಗಿ ಅಂಗಡಿಗೆ ಅವರು ಹೋದದ್ದು ಥರ್ಮಾಮೀಟರ್, ಅಳತೆಯ ಗಾಜಿನ ಕೊಳವೆ ಮತ್ತು ಸ್ಟಾಪ್‌ವಾಚ್ ಹಿಡಿದುಕೊಂಡು. ಈಗಿನ ಮಾಲೀಕನ ತಂದೆಯ ಕಾಲದಲ್ಲಿ ಅದು ದಿನಸಿ ಅಂಗಡಿ. ಅದರ ತಕ್ಕಡಿಗೆ ಇವರು ಎರಡು ಸಲ ಮೊಹರು ಹಾಕಿದ್ದರು. ಮಗನಿಗೆ ಅದು ಚೆನ್ನಾಗಿ ನೆನಪಿತ್ತು. ಆದರೂ ಮೂರು ಯಂತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ಸಾಲಾಗಿ ಜೋಡಿಸಿ, ಇವೆಲ್ಲ ಹತ್ತು ಕಪ್ಪಿನವು ಎಂದ.

ಸಾಹೇಬರು ಜಗ್ಗಿನ ಗೆರೆಯವರೆಗೆ ನೀರು ತುಂಬಿ ಕೊಳವೆಗೆ ಸುರಿದು ನೋಡಿದರು. ಒಂದೂಕಾಲು ಲೀಟರ್. ಹತ್ತರಿಂದ ಭಾಗಿಸಿದರೆ ಕಪ್ಪಿಗೆ ನೂರ ಇಪ್ಪತ್ತೈದು ಮಿಲಿ.

‘ಇದು ಯಾವೂರ ಕಪ್ಪಪ್ಪ?’ ಎಂದು ಕೇಳಿದರು.

‘ಕಂಪನಿ ಊರಿಂದು ಸಾರ್. ನಮ್ಮ ತಕ್ಕಡಿ ಅಲ್ಲ, ದಯವಿಟ್ಟು ಮೊಹರು ಹಾಕಬೇಡಿ’ ಎಂದ ಅಂಗಡಿಯವನು.

ಪರೀಕ್ಷೆ ಎರಡೂವರೆ ಗಂಟೆ ನಡೆಯಿತು. ಮೊದಲನೆಯದರಲ್ಲಿ ಪುಡಿಯ ಮೇಲೆ ಬೀಳುವ ನೀರು ಎಂಬತ್ತೆರಡು ಡಿಗ್ರಿ ದಾಟಲಿಲ್ಲ. ಕಾಫಿ ಲೋಟ ತೊಳೆದ ನೀರಿನಂತಿತ್ತು. ಎರಡನೆಯದರಲ್ಲಿ ಬಿಸಿ ಸರಿಯಾಗಿತ್ತು. ಆದರೆ ಗಾಜಿನ ಜಗ್ಗು ಬಿಸಿ ತಟ್ಟೆಯ ಮೇಲೆ ಕೂತು ಅರ್ಧ ಗಂಟೆಯಲ್ಲಿ ಕಾಫಿ ಸೀದ ವಾಸನೆ ಬಂತು. ಮೂರನೆಯದು ತೊಂಬತ್ಮೂರು ಡಿಗ್ರಿ ಮುಟ್ಟಿತು. ಅದಕ್ಕೆ ಬಿಸಿ ತಟ್ಟೆ ಇರಲಿಲ್ಲ. ಇದ್ದದ್ದು ಎರಡು ಪದರದ ಸ್ಟೀಲಿನ ಜಗ್ಗು, ಕಾಫಿಯನ್ನು ಎರಡು ಗಂಟೆ ಬಿಸಿಯಾಗಿ ಇಡುವಂಥದ್ದು. ಆರನೇ ಗೆರೆಗಿಂತ ಕಡಿಮೆ ನೀರು ಹಾಕಿದರೆ ಶಾಖ ಏರುವುದಿಲ್ಲವೆಂದೂ ಅವರು ಕಂಡುಕೊಂಡರು. ಹಾಗಾಗಿ ಒಮ್ಮೆಗೆ ಆರು ಕಪ್ ಮಾಡಲೇಬೇಕು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು: ಜಗ್ಗು, ಆರು ಕಪ್ಪಿಗೆ ಮುಕ್ಕಾಲು ಕಿಲೋ; ಕೈಯ ಮಿತಿ ಒಂದು ಕಿಲೋ; ಸರಿಯಿದೆ.

ಕಿಟಕಿಯ ಪಕ್ಕದ ಕಪಾಟಿನಲ್ಲಿ ನಾಲ್ಕನೆಯದೊಂದು ಇತ್ತು. ಗಿಡ್ಡ, ಜಗ್ಗಿಲ್ಲ, ಒಂದು ಕಪ್ಪನ್ನು ಅಡಿಯಲ್ಲಿಟ್ಟರೆ ನೇರ ಅದಕ್ಕೇ ಇಳಿಯುತ್ತದೆ. ಅಂಗಡಿಯವನು ಅದನ್ನೂ ತೋರಿಸಿದ. ಆಟದ ಸಾಮಾನಿನ ಹಾಗಿದೆ ಎಂದು ಸಾಹೇಬರು ಥರ್ಮಾಮೀಟರ್ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಯಂತ್ರ ಅಕ್ಕನ ಮನೆ ಸೇರಿದ್ದು ತಿಂಗಳ ಕೊನೆಯ ಶನಿವಾರ ಸಂಜೆ. ತಮ್ಮ ನೀರು ಹಾಯಿಸಿ ತೊಳೆದು, ಎಲ್ಲವನ್ನೂ ಹೇಳಿಕೊಟ್ಟು, ಒರೆಸಿಟ್ಟು ಮೇಲೆ ಹೋದರು. ಖಾಲಿ ಜಗ್ಗು ಎತ್ತಿಟ್ಟದ್ದೂ ಅವರೇ.

ಭಾನುವಾರ ಎಂಟೂವರೆಗೆ ಮಗಳು ಬಂದಳು. ಮಾವನನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿ, ಯಾವ ಕಾರಣಕ್ಕೂ ಏಳಬಾರದೆಂದು ಹೇಳಿದಳು. ಅಕ್ಕ ಪೇಪರ್ ಫಿಲ್ಟರ್ ಮಡಿಸಿ ಇಟ್ಟರು, ಚಮಚದಿಂದ ಪುಡಿ ಹಾಕಿದರು, ಒಂದೊಂದೇ ಲೋಟ ನೀರು ತೊಟ್ಟಿಗೆ ಸುರಿದರು. ಬಟ್ಟೆಗೆ ದಾರ ಆರಿಸುವಾಗ ಇರುವಷ್ಟೇ ನಿಧಾನ. ಸ್ವಿಚ್ ಒತ್ತಿದರು. ಯಂತ್ರ ಗೊರಗುಟ್ಟಿತು. ಏಳು ನಿಮಿಷದಲ್ಲಿ ಕೋಣೆ ತುಂಬ ಕಾಫಿಯ ವಾಸನೆ. ಮಗಳ ಮುಖವೂ ಸ್ವಲ್ಪ ಸಡಿಲವಾಯಿತು.

ಅಕ್ಕ ಜಗ್ಗಿನ ಹಿಡಿಗೆ ಬಲಗೈ ಹಾಕಿ ಎತ್ತಿದರು. ಅದು ಎರಡು ಬೆರಳಿನಷ್ಟು ಮೇಲೆ ಬಂತು. ಮಣಿಕಟ್ಟು ವಾಲಿತು. ಜಗ್ಗು ಠಣ್ ಎಂದು ವಾಪಸ್ ಕೂತಿತು. ಮುಚ್ಚಳ ಭದ್ರವಾಗಿದ್ದರಿಂದ ಒಂದು ಹನಿಯೂ ಚೆಲ್ಲಲಿಲ್ಲ. ಎರಡನೇ ಸಲ ಎಡಗೈಯನ್ನೂ ಕೊಟ್ಟರು. ಎದ್ದಿತು, ಬಗ್ಗಲಿಲ್ಲ.

ಸಾಹೇಬರು ಕುರ್ಚಿಯಿಂದ ಎದ್ದು, ಎರಡು ಮಹಡಿ ಹತ್ತಿ, ತಮ್ಮ ತಕ್ಕಡಿ ತಂದರು. ಜಗ್ಗನ್ನು ಕಾಫಿ ಸಮೇತ ಇಟ್ಟರು. ಒಂದು ಕಿಲೋ ಏಳುನೂರ ನಲವತ್ತು. ಕಾಫಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ಖಾಲಿ ಜಗ್ಗು ಇಟ್ಟರು. ಒಂದು ಕಿಲೋಗೆ ಹತ್ತು ಗ್ರಾಂ ಕಡಿಮೆ.

ಪುಸ್ತಕ ತೆಗೆದು ತಾವೇ ಬರೆದ ಸಾಲು ನೋಡಿದರು. ಅಂಗಡಿಯಲ್ಲಿ ಮೂರು ಜಗ್ಗುಗಳಲ್ಲಿ ಒಂದನ್ನೂ ಅವರು ತೂಗಿರಲಿಲ್ಲ. ಕಾಫಿಯ ಅಳತೆ ಗೊತ್ತಿತ್ತು; ಜಗ್ಗು ಅಂದರೆ ಪಾತ್ರೆ, ಪಾತ್ರೆಯನ್ನು ಲೆಕ್ಕದಿಂದ ಬಿಡುವುದು ಅವರ ಕೈಗೆ ಅಭ್ಯಾಸವಾಗಿತ್ತು.

‘ಪಾತ್ರೆ ಕಳೆದುಬಿಟ್ಟೆ’ ಎಂದರು.

ಅಕ್ಕ ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದರು. ‘ನನ್ನ ಕೈಗೆ ಪಾತ್ರೆ ಬೇರೆ, ಕಾಫಿ ಬೇರೆ ಅಂತ ಗೊತ್ತಾಗುತ್ತೇನೋ? ಅದೇನು ಇಲಾಖೆ ಕೈಯಾ?’

ಮಗಳಿಗೆ ನಗು ಬಂತು, ತಡೆದುಕೊಂಡಳು. ನಕ್ಕು ಷರತ್ತನ್ನೂ ಸಡಿಲ ಬಿಡುವುದು ಅವಳಿಗೆ ಬೇಕಿರಲಿಲ್ಲ. ಬೂದುಬಣ್ಣದ ಬಟ್ಟೆಯತ್ತ ಕಣ್ಣು ಹಾಯಿಸಿ, ಮುಂದಿನ ಭಾನುವಾರ ವ್ಯಾನು ತರುತ್ತೇನೆ, ಹೊಲಿಗೆ ಯಂತ್ರಕ್ಕೂ ಜಾಗ ಇದೆ ಎಂದಳು. ಹೇಳಿದ ಮಾತಿಗೆ ತಪ್ಪುವ ಪೈಕಿ ಅಕ್ಕ ಅಲ್ಲ.

‘ತಪ್ಪು ನಿನ್ನ ಅಮ್ಮಂದಲ್ಲ, ನಂದು’ ಎಂದರು ತಮ್ಮ. ‘ತಪ್ಪು ತಕ್ಕಡಿ ಇಟ್ಟವನಿಗೂ ಸರಿ ಮಾಡ್ಕೊಳ್ಳೋಕೆ ನಾವು ಏಳು ದಿನ ಕೊಡ್ತಿದ್ವಿ.’

ಮಗಳು ಚೀಲ ಹೆಗಲಿಗೆ ಹಾಕಿಕೊಂಡಳು. ‘ಏಳೇ ದಿನ, ಮಾವ. ವ್ಯಾನಿಗೂ ಹೇಳಿಟ್ಟಿರ್ತೀನಿ.’

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಹೇಬರು ಪೆಟ್ಟಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಬಳಸಿದ ಸಾಮಾನು ವಾಪಸ್ ಇಲ್ಲ ಎನ್ನುವ ಫಲಕ ಗಲ್ಲಾಪೆಟ್ಟಿಗೆಯ ಹಿಂದೆ ಇತ್ತು. ಅವರು ಅದನ್ನು ಪೂರ್ತಿ ಓದಿದರು. ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಆರಿಸಿದ್ದು ತಪ್ಪಾಯಿತು, ನಿಯಮದ ಪ್ರಕಾರ ನೀವು ತಗೊಳ್ಳಬೇಕಾಗಿಲ್ಲ, ಆದರೂ ಕೇಳುತ್ತಿದ್ದೇನೆ ಎಂದರು. ಈ ರಸ್ತೆಯ ಯಾವ ಅಂಗಡಿಯಲ್ಲೂ ಅವರು ಏನನ್ನೂ ಹೀಗೆ ಕೇಳಿದ್ದಿಲ್ಲ.

ಅಂಗಡಿಯವನು ಪೆಟ್ಟಿಗೆಯನ್ನೂ ಅವರನ್ನೂ ನೋಡಿದ. ‘ಅಪ್ಪ ಇದ್ದಿದ್ರೆ ಕ್ಯಾಲೆಂಡರ್‌ನಲ್ಲಿ ಇವತ್ತಿನ ತಾರೀಕಿಗೆ ಗುರುತು ಹಾಕ್ಕೊಂಡಿರೋರು ಸಾರ್’ ಎಂದ. ಹಾಗೆಂದು ಪೆಟ್ಟಿಗೆ ಒಳಗೆ ತೆಗೆದುಕೊಂಡ. ಕೂರಿಸಿ ಒಂದು ಲೋಟ ನೀರು ಕೊಟ್ಟ. ಸಾಹೇಬರು ಒಂದು ಕ್ಷಣ ಲೋಟ ನೋಡಿ ಕುಡಿದರು.

ಆ ಗಿಡ್ಡ ಯಂತ್ರವನ್ನು ಅವರು ಕೇಳಿ ಇಳಿಸಿಕೊಂಡರು. ಪರೀಕ್ಷೆ ಮಾಡದೆ ಬಿಡಲಿಲ್ಲ. ಎಂಬತ್ತೇಳು ಡಿಗ್ರಿ. ಅವರ ಅಳತೆಗೆ ನಪಾಸು. ಆಮೇಲೆ ಕಪ್ಪನ್ನು ತುಂಬಿದಂತೆಯೇ ಮನೆಯಿಂದ ತಂದಿದ್ದ ತಕ್ಕಡಿಯ ಮೇಲಿಟ್ಟು, ಬಂದ ಅಂಕಿಯಿಂದ ಏನನ್ನೂ ಕಳೆಯದೆ ಬರೆದುಕೊಂಡರು. ನಾನೂರ ಐದು ಗ್ರಾಂ. ವಾಪಸ್ ಬಂದ ದೊಡ್ಡ ಯಂತ್ರಕ್ಕೆ ಅಂಗಡಿಯವನು ‘ಕಾಲುಗ್ರಾಂ ಸಾಹೇಬರು ಪರೀಕ್ಷಿಸಿದ್ದು’ ಎಂದು ಚೀಟಿ ಅಂಟಿಸಿ ಕಿಟಕಿಯಲ್ಲಿ ಇಡಹೊರಟ. ಅದನ್ನು ಅವರು ತೆಗೆಸಿದರು.

ಭಾನುವಾರ ಮಗಳು ಬಂದಾಗ ವ್ಯಾನು ಬೀದಿಯ ತುದಿಯಲ್ಲಿ ನಿಂತಿತ್ತು. ಅಕ್ಕ ಒಂದು ಲೋಟ ನೀರು ತೊಟ್ಟಿಗೆ ಸುರಿದು, ಕಪ್ ಇಟ್ಟು, ಸ್ವಿಚ್ ಒತ್ತಿದರು. ನಾಲ್ಕು ನಿಮಿಷ. ಮೊದಲ ಕಪ್ಪನ್ನು ಬಲಗೈಯಲ್ಲೇ ಎತ್ತಿ ಮಗಳ ಮುಂದಿಟ್ಟರು. ಎರಡನೆಯದನ್ನು ತಮ್ಮನಿಗೆ ಕೊಟ್ಟರು. ಮೂರನೆಯದು ಇಳಿಯುವವರೆಗೆ ಉಳಿದಿಬ್ಬರೂ ಕುಡಿಯದೆ ಕಾದರು.

ಮಗಳು ಒಂದು ಗುಟುಕು ಕುಡಿದು, ಸ್ವಲ್ಪ ತೆಳ್ಳಗಿದೆ ಎಂದಳು.

‘ಆರು ಡಿಗ್ರಿ ಕಮ್ಮಿ’ ಎಂದರು ಸಾಹೇಬರು.

‘ಒಂದು ಚಮಚ ಪುಡಿ ಜಾಸ್ತಿ ಹಾಕಿದ್ರೆ ಆಯ್ತು. ಇದಕ್ಕೆಲ್ಲ ಥರ್ಮಾಮೀಟರ್ ಯಾಕೆ’ ಎಂದರು ಅಕ್ಕ.

ಮಗಳು ಹೊರಗೆ ಹೋಗಿ ವ್ಯಾನಿನವನಿಗೆ ಏನೋ ಹೇಳಿ ಕಳಿಸಿ ಬಂದಳು. ಅಷ್ಟರಲ್ಲಿ ಅಕ್ಕ ಬೂದುಬಣ್ಣದ ಬಟ್ಟೆಯ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹಾಸಿದ್ದರು. ಕಿಟಕಿಯ ಅಳತೆ ಎಷ್ಟೆಂದು ಕೇಳಿದರು.

‘ನೀನೇ ಬರಲ್ವಲ್ಲಮ್ಮ, ಪರದೆ ಯಾರಿಗೆ?’

‘ತಿಂಗಳಿಗೆ ಎರಡು ದಿನ ಬರ್ತೀನಿ. ಬಿಸಿಲು ಮುಖಕ್ಕೆ ಹೊಡೆದ್ರೆ ನನಗೆ ಆಗಲ್ಲ.’

ಮಗಳು ಅಗಲ, ಎತ್ತರ ಎರಡನ್ನೂ ಹೇಳಿದಳು. ಸಾಹೇಬರು ಅಳತೆ ಪಟ್ಟಿಗೆ ಕೈ ಚಾಚಿದರು. ಅಕ್ಕ ಅದನ್ನು ಅವರ ಕೈಗೆ ಸಿಗದಂತೆ ಆಚೆ ಸರಿಸಿ, ತಾವೇ ಅಳೆದು, ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದುಕೊಂಡು ಕತ್ತರಿ ಹಚ್ಚಿದರು. ಕತ್ತರಿ ಮೇಜಿನ ಮೇಲೆ ಜಾರುತ್ತ ಬಟ್ಟೆಯ ಆ ತುದಿಯವರೆಗೆ ಹೋಯಿತು.