ಸೋಮವಾರದ ಕಡಲು, ಮೀನಿಲ್ಲದ ಊಟ

ಸ್ನೇಹಿತರೇ, ಮನೆಮಂದಿಯನ್ನು ಹೊರಡಿಸುವುದು ಇಷ್ಟು ಕಷ್ಟವೇ? ಈ ವಯಸ್ಸಿಗೂ ನಾನು ಕಡಲು ಕಂಡವಳಲ್ಲ. ನಮ್ಮ ತಾಳವಾಡಿ ಕಡೆ ಸೋಮವಾರ ಎತ್ತು ಕಟ್ಟುವುದಿಲ್ಲ, ಹೊಲದ ಕೆಲಸಕ್ಕೆ ಅದೊಂದೇ ಬಿಡುವು. ಅದಕ್ಕೇ ನಾಳೆ ಕಲ್ಲಿಕೋಟೆಗೆ ಹೋಗಲು ವ್ಯಾನು ಗೊತ್ತುಮಾಡಿದೆ.

ಇವತ್ತು ಸೊಸೆ ತಕರಾರು ತೆಗೆದಳು. "ಸೋಮಾರ ಮಾದಪ್ಪನ ವಾರ, ನಮ್ಮನೇಲಿ ಮೀನು ಮುಟ್ಟಂಗಿಲ್ವಲ್ಲ ಅತ್ತೆ. ಅಷ್ಟು ದೂರ ಓಗಿ ಮೊಸರನ್ನ ತಿನ್ನಾದಾ?"

"ಅಂಗಾರೆ ಮಂಗಳಾರ ಓಗವ ಕಣವ್ವ" ಎಂದ ಮಗ.

"ಮಂಗಳಾರ ಒಲ ಉಳೋರ್ಯಾರ್ಲಾ, ನಿಮ್ಮಾವನಾ?" ಎಂದೆ.

ಮೈದುನ ನಡುವೆ ಬಾಯಿ ಹಾಕಿದ. "ಒಂದಿನ ಮಾದಪ್ಪ ಕಣ್ಮುಚ್ಕತಾನೆ ಬುಡಿ, ಅತ್ಗೆ."

"ಮಾದಪ್ಪ ಮುಚ್ಕಂಡ್ರೂ ನಾನು ಮುಚ್ಚಾಕಿಲ್ಲ."

ಸಂಜೆಯೊಳಗೆ ಮಗನಿಗೆ ಬೆನ್ನು ಹಿಡಿಯಿತು, ಸೊಸೆಗೆ ತಲೆನೋವು ಬಂತು. ಮೈದುನ ಕಣ್ಣಿಗೇ ಬೀಳಲಿಲ್ಲ. ನಾನಂತೂ ಹೊರಡುವವಳೇ. ವ್ಯಾನಿನಲ್ಲಿ ಈಗ ಕಾಲು ಚಾಚಿ ಮಲಗುವಷ್ಟು ಜಾಗವಿದೆ.