ಬಾಯಿ ಮುಚ್ಚಿ ಓದಿದ ಮೊಮ್ಮಗಳು

ಶಾಲೆಯವರು ಕೊಟ್ಟ ಒಂದು ಕೆಲಸದಿಂದ ನನ್ನ ಮೊಮ್ಮಗಳಿಗೆ ಓದುವ ಹುಚ್ಚು ಹಿಡಿಯಿತು, ನನ್ನ ಸಂಜೆಗಳು ಹಾಳಾದವು. ಆಗಿದ್ದು ಇಷ್ಟೇ.

ಅವಳಾಗ ನಾಲ್ಕನೇ ಕ್ಲಾಸು. ಶಾಲೆಯ ಟ್ರಂಕಿನಿಂದ ಒಂದೊಂದು ಕಥೆ ಪುಸ್ತಕ ಕೊಟ್ಟು, ಮನೆಯಲ್ಲಿ ದೊಡ್ಡವರಿಗೆ ಕೇಳುವಂತೆ ಓದಿ, ಆಮೇಲೆ ಕ್ಲಾಸಿನಲ್ಲಿ ಕಥೆ ಹೇಳಬೇಕು ಎಂದಿದ್ದರು. ಅವಳ ಅಪ್ಪ ಅವ್ವ ತೋಟದಿಂದ ಬರುವುದು ಕತ್ತಲಾದ ಮೇಲೆ. ಸಿಕ್ಕಿದ ದೊಡ್ಡವಳು ನಾನು. ಹುಣಸೇಹಣ್ಣಿನ ಕಾಲ. ಕುಣಿಗಲ್ಲಿನ ಅಂಗಡಿಗೆ ಹಾಕಬೇಕೆಂದು ದಿನಾ ಸಂಜೆ ಜಗಲಿಯ ಮೇಲೆ ಮರದ ಕೊಡತಿಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಅವಳು ಕಂಬಕ್ಕೊರಗಿ ಗಂಟಲು ಹರಿಯುವ ಹಾಗೆ ಓದುತ್ತಿದ್ದಳು.

ಬೆಟ್ಟದಲ್ಲಿ ಕುರಿ ಕಳೆದುಕೊಂಡ ಹುಡುಗಿಯ ಕಥೆ. ಮೊದಮೊದಲು ಅವಳಿಗೂ ಬೇಡ, ನನಗೂ ಬೇಡ. ಸಾಲು ಸಾಲೇ ನುಂಗುತ್ತಿದ್ದಳು.

"ಏನ್ಲೇ, ಈಗ್ತಾನೆ ಹಳ್ಳದ ಈಚೆ ಇದ್ಲು, ಆಚೆಗೆ ಹಾರ್ಕೊಂಡೋದ್ಲಾ?"

"ಅಷ್ಟುದ್ದ ಯಾರ್ ಓದ್ತಾರೆ ಬುಡಜ್ಜಿ."

"ನೆಟ್ಟಗೆ ದಾಟ್ಸು ಅವ್ಳನ್ನ. ಇಲ್ದಿದ್ರೆ ಇವತ್ತು ಊಟ ಇಲ್ಲ ಕಣೇ."

ತಿರುಗಿ ಓದಿದಳು. ಹಳ್ಳದ ನೀರು ಆ ಹುಡುಗಿಯ ಸೊಂಟಕ್ಕೆ ಬಂದಾಗ ನನ್ನ ಮೊಮ್ಮಗಳ ದನಿ ಸಣ್ಣಗಾಯಿತು. ನನ್ನ ಕೈಯ ಕೊಡತಿ ನಿಂತಿತು. ಅವತ್ತಿನಿಂದ ನಾನು ಸಂಜೆಯಾಗುವುದನ್ನೇ ಕಾಯುವವಳಾದೆ. ಮುದ್ದೆ ತೊಳಸುವಾಗಲೂ ಆ ಕುರಿಯದೇ ಯೋಚನೆ. ನಾನು ಓದಿದ್ದು ಎರಡನೇ ಕ್ಲಾಸು. ನನಗೆ ಅಂತ ಕೂತು ಏನನ್ನಾದರೂ ಓದಿದವರು ಅದುವರೆಗೆ ಯಾರೂ ಇರಲಿಲ್ಲ.

ಒಂದು ಸಂಜೆ ಕಥೆಯ ಹುಡುಗಿ ಗುಹೆಯ ಬಾಯಿಗೆ ಬಂದಳು. ಒಳಗೆ ಏನೋ ಕದಲಿತು ಅನ್ನುವಲ್ಲಿ ಮೊಮ್ಮಗಳು ಸುಮ್ಮನಾದಳು. ಉಸಿರು ತೆಗೆದುಕೊಳ್ಳುತ್ತಾಳೆ ಅಂದುಕೊಂಡೆ. ಅಲ್ಲ. ತುಟಿ ಮುಚ್ಚಿತ್ತು, ಕಣ್ಣು ಓಡುತ್ತಿತ್ತು. ಹಾಳೆ ತಿರುವಿದಳು, ಮತ್ತೊಂದು ತಿರುವಿದಳು.

"ಜೋರಾಗಿ ಓದೇ."

"ತಾಳಜ್ಜಿ, ಜೋರಾಗ್ ಓದುದ್ರೆ ನಿಧಾನ ಆಯ್ತದೆ."

ಮುಗಿಸಿಯೇ ತಲೆಯೆತ್ತಿದಳು. ಕಣ್ಣು ಒದ್ದೆ.

"ಕುರಿ ಸಿಕ್ತಾ?"

"ಸಿಕ್ತು."

"ಹೆಂಗ್ ಸಿಕ್ತು?"

"ಹಂಗೆಲ್ಲ ಹೇಳಕ್ಕಾಗಲ್ಲ ಅಜ್ಜಿ. ಓದ್ಬೇಕು."

ಮಾತು ನಿಜವಿರಬೇಕು. ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು. ಆಮೇಲೆ ಅವಳು ಎಷ್ಟೋ ಪುಸ್ತಕ ತಂದಳು, ಎಲ್ಲ ಬಾಯಿ ಮುಚ್ಚಿಕೊಂಡೇ ಓದಿದಳು. ಈಗ ತುಮಕೂರಿನಲ್ಲಿ ಕಾಲೇಜು. ಫೋನಿನಲ್ಲಿ ಬೇಕಾದಷ್ಟು ಮಾತಾಡುತ್ತಾಳೆ. ನನಗೆ ಬೇಕಿರುವುದು ಹಳ್ಳ ದಾಟುವಾಗ ಸಣ್ಣಗಾದ ಆ ದನಿ. ಅದು ಇನ್ನು ಸಿಕ್ಕುವುದಿಲ್ಲ.

ಕುರಿ ಸಿಕ್ಕಿದ ಮಾರನೇ ಬೆಳಿಗ್ಗೆ ಅವಳು ಪುಸ್ತಕವನ್ನು ಬ್ಯಾಗಿಗೆ ತುರುಕುತ್ತಿದ್ದಳು. ಕಿತ್ತುಕೊಂಡೆ.

"ಅಜ್ಜಿ, ಇವತ್ತು ವಾಪಸ್ ಕೊಡ್ಬೇಕು! ಮಿಸ್ಸು ಬೈತಾರೆ."

"ಬೈಸ್ಕೊಂಡ್ ಬಾ."

ಅವಳು ಹೋದ ಮೇಲೆ ಬಾಗಿಲು ಮುಂದಕ್ಕೆ ಹಾಕಿ, ಗುಹೆಯ ಚಿತ್ರವಿದ್ದ ಹಾಳೆ ಹುಡುಕಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದತೊಡಗಿದೆ.