ತಗಡಿನ ಮೇಲಿನ ಕರಿ ಚೂರುಗಳು

ಕೇಳಬೇಕಿತ್ತು, ಕೇಳಲಿಲ್ಲ. ಸಿಂಗಪುರದ ಬುಕಿತ್ ಬಾಟೋಕ್‌ನ ಮನೆಯಲ್ಲಿ ತಂಗಿ ನಾಳೆಯ ಪ್ರಯಾಣಕ್ಕೆಂದು ತಂದಿಟ್ಟಿದ್ದ ತಗಡಿಗೆ ಮಸಿ ಹಿಡಿದಿದೆ ಎಂದುಕೊಂಡು ಉಜ್ಜಿಬಿಟ್ಟೆ.

ತಗಡು ನೋಡಿದ ಅವಳು ಸಿಟ್ಟಿನಿಂದ ಕಟ್ಟಡದ ಕೆಳಗಿನ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗಕ್ಕೆ ಇಳಿದಳು. ನಾನೂ ಹಿಂದೆಯೇ ಹೋದೆ.

“ಅದು ಮಸಿಯಲ್ಲ ಅಕ್ಕಾ, ತಡೆಯಿಲ್ಲದೆ ಕರೆಂಟ್ ಹರಿಸೋ ಸೂಪರ್‌ಕಂಡಕ್ಟರ್ ಹರಳುಗಳು! ತಿಂಗಳುಗಟ್ಟಲೆ ಕೂತು ಎಲ್ಲಾನೂ ಒಂದೇ ದಿಕ್ಕಿಗೆ ಅಂಟಿಸಿದ್ದೆ. ಆಸ್ಟ್ರೇಲಿಯಾದಲ್ಲಿ ನ್ಯೂಟ್ರಾನ್ ಹಾಯಿಸಿ, ಒಳಗಿನ ಮ್ಯಾಗ್ನೆಟಿಸಂ ಹೇಗೆ ನಡುಗತ್ತೆ ಅಂತ ನೋಡ್ಬೇಕಿತ್ತು. ಅಲ್ಲಿನ ಯಂತ್ರದಲ್ಲಿ ಸಿಕ್ಕಿರೋ ಈ ಸರದಿ ತಪ್ಪಿದ್ರೆ ಮತ್ತೆ ಯಾವಾಗ ಸಿಗತ್ತೋ!”

“ಮಸಿ ಥರಾನೇ ಇದ್ರೆ ನಂಗೇನು ಗೊತ್ತು?” ನಾನೂ ರೇಗಿದೆ.

“ಯಾವತ್ತಾದ್ರೂ ಕೇಳಿದ್ಯಾ? ಊರಲ್ಲೆಲ್ಲ ನಂದು ಕಂಪ್ಯೂಟರ್ ಕೆಲಸ ಅಂತ ಹೇಳ್ಕೊಂಡು ಓಡಾಡ್ತೀಯ!”

ನನ್ನ ಉಗುರಿನ ಸಂದಿಯಲ್ಲಿ ಒಂದು ಚೂರು ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಅವಳ ಅಂಗೈಗೆ ಹಾಕಿದೆ.

“ತಪ್ಪಾಯ್ತು ಕಣೇ. ನೀನೇನು ಮಾಡ್ತೀಯ ಅಂತ ಇಷ್ಟು ವರ್ಷ ಕೇಳಲೇ ಇಲ್ಲ.”